ಎಳ್ಳಿನ ಡಬ್ಬಿಗೂ ಶುಭಾಶಯ ಪತ್ರಕ್ಕೂ ಯಾವ ಕಾಗದ: ಒರಿಗಾಮಿ ಪ್ಯಾಕೋ, ಗ್ಲೇಜ್ ಪೇಪರೋ, ಬಣ್ಣದ ಜೆರಾಕ್ಸ್ ಹಾಳೆಯೋ?

ಸಂಕ್ರಾಂತಿಗೆ ಎಳ್ಳು ಬೀರಲು ಕಾಗದದ ಡಬ್ಬಿಗಳನ್ನೂ ಜೊತೆಗೆ ಕೊಡಲು ಶುಭಾಶಯ ಪತ್ರಗಳನ್ನೂ ಮಕ್ಕಳ ಕೈಯಿಂದಲೇ ಮಾಡಿಸಬೇಕೆಂದಿರುವವರು ಬಣ್ಣದ ಜೆರಾಕ್ಸ್ ಹಾಳೆಯನ್ನು ಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಆನ್‌ಲೈನಿನಲ್ಲಿ ಸಿಗುವ ಒರಿಗಾಮಿ (ಜಪಾನಿನ ಕಾಗದ ಮಡಿಸುವ ಕಲೆ) ಕಾಗದದ ಪ್ಯಾಕ್, ಸ್ಟೇಷನರಿ ಅಂಗಡಿಯ ಗ್ಲೇಜ್ ಪೇಪರ್, ಜೆರಾಕ್ಸ್ ಅಂಗಡಿಯಲ್ಲಿ ಬಿಡಿಯಾಗಿ ದೊರೆಯುವ ಎ4 ಅಳತೆಯ ಬಣ್ಣದ ಹಾಳೆ, ಈ ಮೂರನ್ನೂ ನಮ್ಮ ಮನೆಯ ಮಕ್ಕಳೊಂದಿಗೆ ಕುಳಿತು ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಈ ಮೂರರಲ್ಲಿ ಹೆಚ್ಚು ಬೆಲೆ ತೆತ್ತು ತರಿಸಿದ ಪ್ಯಾಕೇ ಹೆಚ್ಚು ತೊಂದರೆ ಕೊಟ್ಟಿತು. ಆ ತೊಂದರೆ ಏನೆಂಬುದು ಪ್ಯಾಕಿನ ಮೇಲೆ ಬರೆದ ವಿವರಗಳಿಂದ ತಿಳಿಯುವಂಥದ್ದಲ್ಲವಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಮ್ಮಲ್ಲಿ ಈ ಕೆಲಸಕ್ಕೆ ಕೂರುವವರು ನನ್ನ ಮಗಳು, ಅಣ್ಣನ ಮಗ, ಪಕ್ಕದ ಮನೆಯ ಇಬ್ಬರು ಹುಡುಗಿಯರು. ಅವರಲ್ಲಿ ಹಿರಿಯಳಿಗೆ ಹತ್ತು ವರ್ಷ, ಎಲ್ಲರಿಗಿಂತ ಕಿರಿಯನಿಗೆ ಐದು. ಮಾಡುವುದು ಮೂರೇ ವಸ್ತುಗಳು. ಒಂದು, ಎಳ್ಳುಬೆಲ್ಲ ಹಾಕಿ ಕೊಡಲು ಮುಚ್ಚಳವಿರುವ ಚೌಕದ ಡಬ್ಬಿ, ಜಪಾನಿನಲ್ಲಿ ಮಾಸು ಎಂದು ಕರೆಯುವ ಹಳೆಯ ಮಾದರಿ. ಎರಡು, ಕಿಚ್ಚು ಹಾಯಿಸುವ ಹಬ್ಬವಾದ್ದರಿಂದ ಪತ್ರದ ಮೇಲೆ ಅಂಟಿಸಲು ಹಸುವಿನ ಮುಖ. ಮೂರು, ಪತ್ರ. ಹಿಂದೆ ಎಳ್ಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತಿದ್ದೆವು. ಅದನ್ನು ಬಿಡಬೇಕೆಂದೇ ಡಬ್ಬಿಯ ಕೆಲಸಕ್ಕೆ ಕೈಹಾಕಿದ್ದು.

ಒರಿಗಾಮಿ ಪ್ಯಾಕಿನ ಮೇಲೆ 15 ಸೆಂ.ಮೀ. ಚೌಕ ಎಂದು ಮುದ್ರಿಸಿತ್ತು. ಬಣ್ಣಗಳು ಬಹಳ ಚೆನ್ನಾಗಿದ್ದವು; ಒಂದು ಬದಿ ಗಾಢ ಬಣ್ಣ, ಇನ್ನೊಂದು ಬದಿ ಬಿಳಿ, ಕಾಗದ ತೆಳುವಾಗಿ ಗರಿಗರಿಯಾಗಿ ಇತ್ತು. ಮಕ್ಕಳು ಮೊದಲ ಹಾಳೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿದಾಗ ಒಂದು ಅಂಚಿನಲ್ಲಿ ಕೆಳಗಿನ ಪದರದ ಬಿಳಿ ಸಣ್ಣ ಎಳೆಯಾಗಿ ಹೊರಗೆ ಇಣುಕಿತು. ಸರಿಯಾಗಿ ಹಿಡಿಯಲಿಲ್ಲವೇನೋ ಎಂದು ಬಿಚ್ಚಿ ಆ ಅಂಚನ್ನು ಕೂಡಿಸಿ ಮಡಿಸಿದರೆ ಮೂಲೆಗಳು ತಪ್ಪಿದವು. ಮೂಲೆಗಳನ್ನು ಕೂಡಿಸಿದರೆ ಮತ್ತೆ ಅಂಚು ತಪ್ಪಿತು. ಸ್ಟೀಲ್ ಸ್ಕೇಲಿಟ್ಟು ಅಳೆದಾಗ ಒಂದು ಬದಿ ಸರಿಯಾಗಿ 15 ಸೆಂ.ಮೀ. ಇದ್ದು, ಪಕ್ಕದ ಬದಿ ಅದಕ್ಕಿಂತ ಸುಮಾರು 2 ಮಿ.ಮೀ. ಕಡಿಮೆ ಇರುವುದು ಕಂಡಿತು. ಕೈಗೆ ಕೊಟ್ಟದ್ದು ಚೌಕವಲ್ಲ, ಆಯತ.

2 ಮಿ.ಮೀ. ಎಂದರೆ ಏನೂ ಅಲ್ಲ ಎಂದು ತೋರಬಹುದು. ಮಾರಾಟಗಾರರಿಗೆ ಬರೆದಾಗ ಬಂದ ಉತ್ತರವೂ ಹಾಗೆಯೇ ಇತ್ತು. ಚಿತ್ರ ಬಿಡಿಸುವ ಹಾಳೆಯಲ್ಲಿ ಅದು ನಿಜಕ್ಕೂ ಏನೂ ಅಲ್ಲ. ಆದರೆ ಮಡಿಸುವ ಕೆಲಸದಲ್ಲಿ ಒಂದು ಹಂತದ ತಪ್ಪು ಮುಂದಿನ ಹಂತಕ್ಕೆ ಅಳತೆಗೋಲಾಗಿಬಿಡುತ್ತದೆ. ಮಾಸು ಡಬ್ಬಿಗೆ ಮೊದಲು ನಾಲ್ಕೂ ಮೂಲೆಗಳನ್ನು ನಡುವಿನ ಬಿಂದುವಿಗೆ ತರಬೇಕು. ಹಾಳೆ ಚೌಕವಲ್ಲದಿದ್ದರೆ ಆ ನಾಲ್ಕು ಮೂಲೆಗಳು ಒಂದೇ ಕಡೆ ಸೇರುವುದಿಲ್ಲ, ಎಲ್ಲೋ ಒಂದರ ಮೇಲೊಂದು ಏರುತ್ತವೆ, ಇನ್ನೆಲ್ಲೋ ಸಂದು ಬಿಡುತ್ತವೆ. ಆ ಓರೆಯ ಮೇಲೆಯೇ ಮುಂದಿನ ಮಡಿಕೆಗಳು ಬೀಳುತ್ತವೆ. ಕೊನೆಗೆ ಗೋಡೆಗಳನ್ನು ಎತ್ತಿ ನಿಲ್ಲಿಸುವಾಗ ಒಂದು ಗೋಡೆ ಎತ್ತರ, ಇನ್ನೊಂದು ಗಿಡ್ಡ, ಮೂಲೆಗಳು ಒಳಗೆ ಕೂರುವುದಿಲ್ಲ. ಕೇವಲ 5 ಸೆಂ.ಮೀ. ಅಗಲದ ಡಬ್ಬಿಯಲ್ಲಿ ಈ ವ್ಯತ್ಯಾಸ ದೂರದಿಂದಲೇ ಕಾಣುತ್ತದೆ, ಮುಚ್ಚಳವಂತೂ ಕೂರುವುದೇ ಇಲ್ಲ.

ನನಗೆ ಬೇಸರವಾದದ್ದು ಡಬ್ಬಿ ಕೆಟ್ಟದ್ದಕ್ಕಲ್ಲ. ದೊಡ್ಡವರಾದರೆ ಕಾಗದವನ್ನು ಅನುಮಾನಿಸುತ್ತಾರೆ. ಮಗು ತನ್ನ ಕೈಯನ್ನೇ ಅನುಮಾನಿಸುತ್ತದೆ. ಅಣ್ಣನ ಮಗ ಅದೇ ಹಾಳೆಯನ್ನು ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ, ಮಡಿಕೆಯೆಲ್ಲ ನವೆದು ನಾರುನಾರಾದ ಮೇಲೆ, "ನಂಗೆ ಬರಲ್ಲ ಅತ್ತೆ, ನೀವೇ ಮಾಡಿ" ಎಂದು ಹಾಳೆಯನ್ನು ನನ್ನ ಮುಂದೆ ತಳ್ಳಿದ. ಅವನು ಮಡಿಸಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಸರಿಯಾಗಿ ಮಾಡಿದ ಮಗುವಿಗೆ ತಪ್ಪಾಯಿತೆಂದು ಹೇಳುವ ಸಾಮಗ್ರಿ ಎಷ್ಟು ಚಂದವಾಗಿದ್ದರೂ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ ಎಂಬ ನನ್ನ ನಿಲುವು ಅಲ್ಲಿಂದ ಗಟ್ಟಿಯಾಯಿತು.

ಪ್ಯಾಕನ್ನು ಅಂಗಡಿಯಲ್ಲೇ ಕೈಗೆತ್ತಿಕೊಂಡು ನೋಡುವ ಅವಕಾಶವಿದ್ದರೆ ಪರೀಕ್ಷೆ ಸುಲಭ. ಎರಡು ಹಾಳೆ ತೆಗೆದು ಒಂದರ ಮೇಲೊಂದಿಟ್ಟು, ಮೇಲಿನದನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಜೋಡಿಸಬೇಕು. ಚೌಕವಾಗಿದ್ದರೆ ನಾಲ್ಕೂ ಅಂಚು ಕೂಡುತ್ತವೆ. ಇಲ್ಲವಾದರೆ ಒಂದು ಬದಿಯಲ್ಲಿ ಕೆಳಗಿನ ಹಾಳೆ, ಪಕ್ಕದ ಬದಿಯಲ್ಲಿ ಮೇಲಿನ ಹಾಳೆ ಹೊರಗೆ ಕಾಣುತ್ತದೆ. ಹಾಳೆಗಳನ್ನು ಕಟ್ಟುಕಟ್ಟಾಗಿ ಒಟ್ಟಿಗೇ ಕತ್ತರಿಸುವುದರಿಂದ ಎರಡು ಹಾಳೆಯ ಗುಣವೇ ಬಹುಮಟ್ಟಿಗೆ ಇಡೀ ಪ್ಯಾಕಿನ ಗುಣ. ಮನೆಗೆ ಬಂದ ಮೇಲೆ ಓರೆಯೆಂದು ತಿಳಿದರೆ ಹೆಚ್ಚಿನ 2 ಮಿ.ಮೀ. ಅನ್ನು ಕತ್ತರಿಸಿ ತೆಗೆಯಬಹುದು ನಿಜ. ಆದರೆ ಅಷ್ಟು ಕಿರಿದಾದ ಪಟ್ಟಿಯನ್ನು ನೇರವಾಗಿ ಕತ್ತರಿಸುವುದು ಮಕ್ಕಳ ಕತ್ತರಿಯಿಂದ ಆಗುವ ಕೆಲಸವಲ್ಲ. ಇಡೀ ಪ್ಯಾಕನ್ನು ದೊಡ್ಡವರೊಬ್ಬರು ಕುಳಿತು ಕಟರಿನಿಂದ ಸರಿಪಡಿಸುವುದಾದರೆ ಸಿದ್ಧ ಚೌಕಕ್ಕೆಂದು ಕೊಟ್ಟ ಹಣಕ್ಕೆ ಅರ್ಥವಿಲ್ಲ.

ಜೆರಾಕ್ಸ್ ಹಾಳೆ ಗೆಲ್ಲುವುದು ಇದೇ ಜಾಗದಲ್ಲಿ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಒಂದು ಮೂಲೆಯನ್ನು ಎದುರಿನ ಉದ್ದದ ಅಂಚಿಗೆ ತಂದು ಕೂಡಿಸಿ ತ್ರಿಕೋನ ಮಾಡಿ, ಹೊರಗುಳಿದ ಪಟ್ಟಿಯನ್ನು ತೆಗೆದರೆ 21 ಸೆಂ.ಮೀ. ಚೌಕ ಸಿದ್ಧ. ಇಲ್ಲಿ ಹಾಳೆಯ ಉದ್ದ ಎಷ್ಟಿದ್ದರೂ ಚಿಂತೆಯಿಲ್ಲ. ಈ ಅಳತೆಗಳನ್ನು ಗೊತ್ತುಪಡಿಸುವ ಐಎಸ್ಒ 216 ಎಂಬ ಅಂತರರಾಷ್ಟ್ರೀಯ ಮಾನದಂಡವೇ 150ರಿಂದ 600 ಮಿ.ಮೀ. ವರೆಗಿನ ಬದಿಗಳಲ್ಲಿ 2 ಮಿ.ಮೀ. ಹೆಚ್ಚುಕಡಿಮೆಗೆ ಅವಕಾಶ ಕೊಟ್ಟಿದೆ. ಅಂದರೆ ಒರಿಗಾಮಿ ಪ್ಯಾಕಿನಲ್ಲಿ ನಮ್ಮನ್ನು ಕಾಡಿದಷ್ಟೇ ವ್ಯತ್ಯಾಸ ಎ4 ಹಾಳೆಯಲ್ಲೂ ಇರಬಹುದು. ಆದರೆ ಚೌಕವನ್ನು ಹಾಳೆಯ ಅಗಲದಿಂದ ನಾವೇ ಪಡೆಯುವುದರಿಂದ, ಮೂಲೆಗಳು ಲಂಬವಾಗಿರುವವರೆಗೆ ಆ ವ್ಯತ್ಯಾಸವೆಲ್ಲ ಕತ್ತರಿಸಿ ತೆಗೆಯುವ ಪಟ್ಟಿಗೆ ಹೋಗಿ ಸೇರುತ್ತದೆ. ಆ ಪಟ್ಟಿ 8.7 ಸೆಂ.ಮೀ. ಅಗಲವಿರುವುದರಿಂದ ಮಕ್ಕಳು ಅದನ್ನು ಹಿಡಿದುಕೊಂಡು ಸುಲಭವಾಗಿ ಕತ್ತರಿಸುತ್ತಾರೆ. ಕತ್ತರಿ ಕೊಡಲಾಗದ ಕಿರಿಯನಿಗೆ ಮಡಿಕೆಯನ್ನು ಹಿಂದಕ್ಕೂ ಮುಂದಕ್ಕೂ ಉಗುರಿನಿಂದ ತೀಡಿಸಿ, ಸ್ಕೇಲನ್ನು ನಾನು ಒತ್ತಿ ಹಿಡಿದು, ಹರಿಯುವುದನ್ನು ಅವನಿಗೆ ಬಿಡುತ್ತೇನೆ. ಅಂಚು ನೇರವಾಗಿಯೇ ಬರುತ್ತದೆ.

ಚೌಕ ಮಾಡುವುದೇ ಮೊದಲ ಪಾಠ ಎಂಬುದು ಹೊಸ ವಿಚಾರವೇನಲ್ಲ. 1893ರಲ್ಲಿ ಮದರಾಸಿನಲ್ಲಿ ಟಿ. ಸುಂದರ ರಾವ್ ಅವರು ಕಾಗದ ಮಡಿಸಿ ರೇಖಾಗಣಿತ ಕಲಿಸುವ ಇಂಗ್ಲಿಷ್ ಪುಸ್ತಕ ಪ್ರಕಟಿಸಿದಾಗ ಅದರ ಮೊದಲ ಅಧ್ಯಾಯವೇ ಚೌಕದ ಕುರಿತದ್ದಾಗಿತ್ತು. ನಮ್ಮ ಹುಡುಗಿಯರಿಗೂ ತಾವೇ ಚೌಕ ಮಾಡಿಕೊಂಡ ಮೇಲೆ ಹಾಳೆಯ ಮೇಲೆ ಬಂದ ನಂಬಿಕೆ ಸಿದ್ಧ ಪ್ಯಾಕಿನ ಮೇಲೆ ಬರಲಿಲ್ಲ. ಮಡಿಕೆ ಓರೆಯಾದರೆ ಅದು ತಮ್ಮ ಕೈಯಿಂದ ಆದದ್ದೆಂದು ಅವರಿಗೆ ತಿಳಿಯುತ್ತದೆ, ಮುಂದಿನ ಹಾಳೆಯಲ್ಲಿ ತಿದ್ದಿಕೊಳ್ಳುತ್ತಾರೆ.

ಅಳತೆಯ ವಿಷಯದಲ್ಲೂ 21 ಸೆಂ.ಮೀ. ಚೌಕ ನಮ್ಮ ಹಬ್ಬಕ್ಕೆ ಹೊಂದುತ್ತದೆ. ಮಾಸು ಡಬ್ಬಿಯ ತಳ ಹಾಳೆಯ ಬದಿಯ ಮೂರನೆಯ ಒಂದಂಶಕ್ಕಿಂತ ಸ್ವಲ್ಪ ಹೆಚ್ಚು, ಎತ್ತರ ಅದರ ಅರ್ಧ. 15 ಸೆಂ.ಮೀ. ಹಾಳೆಯಿಂದ ಸುಮಾರು 5.3 ಸೆಂ.ಮೀ. ಅಗಲ, 2.6 ಸೆಂ.ಮೀ. ಎತ್ತರದ ಡಬ್ಬಿ ಬರುತ್ತದೆ. ಅದರಲ್ಲಿ ಎರಡು ಚಮಚ ಎಳ್ಳು ಹಾಕಿ ಒಂದು ಸಕ್ಕರೆ ಅಚ್ಚು ಇಟ್ಟರೆ ಮುಚ್ಚಳಕ್ಕೆ ಎಡೆಯಿಲ್ಲ. 21 ಸೆಂ.ಮೀ. ಹಾಳೆಯದು 7.4 ಸೆಂ.ಮೀ. ಅಗಲ, 3.7 ಸೆಂ.ಮೀ. ಎತ್ತರ, ಹಿಡಿಯುವ ಪ್ರಮಾಣ ಎರಡೂವರೆ ಪಟ್ಟಿಗೂ ಹೆಚ್ಚು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ಎಲ್ಲ ಸೇರಿದ ಒಂದು ಮನೆಯ ಪಾಲಿಗೆ ಅದು ಸರಿಯಾಗುತ್ತದೆ. ತಳದ ಡಬ್ಬಿಯ ಚೌಕವನ್ನು ಎರಡು ಬದಿಯಲ್ಲಿ 5 ಮಿ.ಮೀ. ಕಡಿಮೆ ಮಾಡಿಕೊಂಡರೆ ಪೂರ್ತಿ ಅಳತೆಯ ಮುಚ್ಚಳ ಅದರ ಮೇಲೆ ಸರಾಗವಾಗಿ ಕೂರುತ್ತದೆ. ಈ 5 ಮಿ.ಮೀ. ಮಾತ್ರ ನಾನೇ ಕತ್ತರಿಸಿ ಕೊಡುತ್ತೇನೆ. ಕೊಬ್ಬರಿ, ಕಡಲೆಬೀಜದ ಎಣ್ಣೆ ಕಾಗದಕ್ಕೆ ಇಳಿದು ಕಲೆಯಾಗುವುದರಿಂದಲೂ ಬಣ್ಣ ತಿನಿಸಿಗೆ ತಾಗಬಾರದೆಂದೂ ಒಳಗೆ ಬಟರ್ ಪೇಪರಿನ ತುಂಡು ಹಾಸಲೇಬೇಕು, ಇದು ಮೂರೂ ಕಾಗದಕ್ಕೆ ಅನ್ವಯಿಸುತ್ತದೆ. ಹಳೆಯ ದಿನಪತ್ರಿಕೆ ಹಾಸುವುದು ಬೇಡ. ತಿನಿಸನ್ನು ಪತ್ರಿಕೆಯಲ್ಲಿ ಇಡುವುದನ್ನೂ ಕಟ್ಟುವುದನ್ನೂ ದೇಶದ ಆಹಾರ ಪ್ಯಾಕೇಜಿಂಗ್ ನಿಯಮಗಳು 2018ರಲ್ಲೇ ನಿಷೇಧಿಸಿವೆ.

ಉಳಿದ 8.7 ಸೆಂ.ಮೀ. ಪಟ್ಟಿಯಿಂದ ಎರಡು ಸಣ್ಣ ಚೌಕಗಳು ಬರುತ್ತವೆ. ಪತ್ರದ ಮೇಲಿನ ಹಸುವಿನ ಮುಖಕ್ಕೆ ಅದೇ ಸರಿಯಾದ ಅಳತೆ. ಚೌಕವನ್ನು ತ್ರಿಕೋನವಾಗಿ ಮಡಿಸಿ, ಉದ್ದದ ಅಂಚು ಮೇಲಿರುವಂತೆ ಹಿಡಿದು, ಎರಡು ತುದಿಗಳನ್ನು ಓರೆಯಾಗಿ ಮೇಲಕ್ಕೆ ಎತ್ತಿ ಮಡಿಸಿದರೆ ಕೋಡು. ಕೆಳಗಿನ ಮೂಲೆಯ ಮೇಲಿನ ಪದರವನ್ನು ಸ್ವಲ್ಪ ಮೇಲಕ್ಕೆ ಮಡಿಸಿದರೆ ಮೂತಿ. ಐದು ವರ್ಷದ ಮಗುವೂ ಯಾರ ನೆರವಿಲ್ಲದೆ ಮಾಡುತ್ತದೆ.

ಇಲ್ಲಿ ಒರಿಗಾಮಿ ಕಾಗದದ ನಿಜವಾದ ಹೆಚ್ಚುಗಾರಿಕೆಯನ್ನು ಒಪ್ಪಬೇಕು. ಅದರ ಹಿಂಬದಿ ಬಿಳಿಯಾದ್ದರಿಂದ ಮೂತಿಯನ್ನು ಮಡಿಸಿದೊಡನೆ ಬಿಳಿ ಮೂತಿ ತಾನಾಗಿ ಮೂಡುತ್ತದೆ, ಮಕ್ಕಳು ಅದನ್ನು ಕಂಡು ಬಹಳ ಸಂತೋಷಪಡುತ್ತಾರೆ. ಜೆರಾಕ್ಸ್ ಹಾಳೆಯ ಬಣ್ಣ ಎರಡೂ ಬದಿಗೆ ಒಂದೇ ಆಗಿರುವುದರಿಂದ ಮೂತಿಯನ್ನು ಪೆನ್ಸಿಲಿನಿಂದಲೋ ಬಳಪದಿಂದಲೋ ಬೇರೆ ಮಾಡಿ ತೋರಿಸಬೇಕಾಗುತ್ತದೆ. ಜೊತೆಗೆ ಜೆರಾಕ್ಸ್ ಹಾಳೆಯಲ್ಲಿ ಸುಲಭವಾಗಿ ಸಿಗುವುದು ತಿಳಿ ಹಸಿರು, ತಿಳಿ ಗುಲಾಬಿ, ಹಳದಿ, ತಿಳಿ ನೀಲಿ. ಹಬ್ಬಕ್ಕೆ ಬೇಕೆನಿಸುವ ಕಡು ಕೆಂಪು, ಅರಿಶಿನ ಬಣ್ಣಗಳನ್ನು ಹುಡುಕಬೇಕು. ಕಾಗದವೂ ಒಂದಿಷ್ಟು ದಪ್ಪ, 75 ಅಥವಾ 80 ಜಿಎಸ್ಎಂ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಅಷ್ಟು ಗ್ರಾಂ. ಕೊಕ್ಕರೆಯಂಥ ಹಲವು ಪದರದ ಮಾದರಿಯಲ್ಲಿ ಕೊಕ್ಕು, ಬಾಲ ಮೊಂಡಾಗುತ್ತವೆ. ನಾವು ಮಾಡುವ ಡಬ್ಬಿಗೆ ಆ ದಪ್ಪವೇ ಗುಣ, ಗೋಡೆ ಬಾಗುವುದಿಲ್ಲ.

ಗ್ಲೇಜ್ ಪೇಪರಿನ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಮಿಂಚುತ್ತದೆ, ಅಗ್ಗ, ಎಲ್ಲ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಮಡಿಸಿದರೆ ಬಣ್ಣದ ಪದರ ಒಡೆದು ಮಡಿಕೆಯ ಉದ್ದಕ್ಕೂ ಬಿಳಿ ಗೆರೆ ಕಾಣುತ್ತದೆ. ನಾವು ತಂದ ಹಾಳೆಯ ಕೆಂಪು ಬೆವರಿದ ಬೆರಳಿಗೂ ಹತ್ತಿಕೊಂಡಿತು. ತಿನಿಸಿನ ಡಬ್ಬಿಗೆ ಅದು ಬೇಡವೇ ಬೇಡ. ಕತ್ತರಿಸಿ ಪತ್ರದ ಮೇಲೆ ಅಂಟಿಸುವ ಸೂರ್ಯನಿಗೂ ಗಾಳಿಪಟಕ್ಕೂ ಅದಕ್ಕಿಂತ ಒಳ್ಳೆಯದಿಲ್ಲ. ನಿಜವಾದ ಗಾಳಿಪಟಕ್ಕೆ ಬಳಸುವ ತೆಳು ಕಾಗದವಾದರೆ ಅಂಟು ತಾಗಿದೊಡನೆ ಸುಕ್ಕಾಗುತ್ತದೆ, ಮಕ್ಕಳಿಗೆ ಕೊಡಬಾರದು.

ಪತ್ರಕ್ಕೆ ಮೂರು ದಾರಿಗಳಿವೆ: ಸಿದ್ಧ ಕಿಟ್, ಐವರಿ ಶೀಟ್ ಎಂಬ ನುಣುಪಾದ ದಪ್ಪ ಹಾಳೆ, ಅದೇ ಜೆರಾಕ್ಸ್ ಹಾಳೆ. ಕಿಟ್ಟಿನಲ್ಲಿ ಮಡಿಸಿಟ್ಟ ಪತ್ರ, ಕತ್ತರಿಸಿಟ್ಟ ಆಕಾರ, ಅಂಟಿಸಲು ಸ್ಟಿಕ್ಕರ್ ಎಲ್ಲವೂ ಇರುತ್ತವೆ. ನಾನು ನೋಡಿದವುಗಳಲ್ಲಿ ಹುಟ್ಟುಹಬ್ಬಕ್ಕೋ ಕ್ರಿಸ್ಮಸ್ಸಿಗೋ ಹೊಂದುವ ಇಂಗ್ಲಿಷ್ ಶುಭಾಶಯಗಳೇ ಇದ್ದವು, ಎಳ್ಳು, ಕಬ್ಬು, ಹೋರಿ ಯಾವುದೂ ಇರಲಿಲ್ಲ. ನಾಲ್ಕು ಮಕ್ಕಳು ಮಾಡಿದ ಪತ್ರಗಳು ಒಂದೇ ಬಗೆಯಾಗಿ ಬಂದವು, ಯಾರದು ಯಾವುದೆಂದು ಅಜ್ಜಿಗೆ ಗುರುತಿಸಲಾಗಲಿಲ್ಲ. ನನಗೆ ಆ ಗುರುತೇ ಮುಖ್ಯ.

ಐವರಿ ಶೀಟ್ ನೆಟ್ಟಗೆ ನಿಲ್ಲುತ್ತದೆ, ಮೇಲೆ ಏನಂಟಿಸಿದರೂ ಬಾಗುವುದಿಲ್ಲ. ಆದರೆ ದಪ್ಪ ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ, ಆ ದಿಕ್ಕಿಗೆ ಅಡ್ಡಲಾಗಿ ಮಡಿಸಿದರೆ ಮಡಿಕೆ ಸೀಳಿ ಒರಟಾಗುತ್ತದೆ. ಹಾಳೆಯನ್ನು ಮಡಿಸದೆ ಎರಡೂ ದಿಕ್ಕಿಗೆ ಮೆಲ್ಲನೆ ಬಾಗಿಸಿ ನೋಡಿದರೆ ಯಾವ ಕಡೆ ಸುಲಭವಾಗಿ ಬಾಗುತ್ತದೆಯೋ ಆ ಕಡೆಗೆ ಮಡಿಕೆ ಬರುವಂತೆ ಕತ್ತರಿಸಿಕೊಳ್ಳಬೇಕು. ಮಡಿಸುವ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲಿನಗುಂಟ ಗಟ್ಟಿಯಾಗಿ ಒಂದು ಗೆರೆ ಎಳೆದರೆ ಮಡಿಕೆ ಆ ಗೆರೆಯ ಮೇಲೆಯೇ ನೇರವಾಗಿ ಬೀಳುತ್ತದೆ.

ನಮ್ಮ ಮನೆಯಲ್ಲಿ ಹೆಚ್ಚಾಗಿ ಮಾಡುವುದು ಎ4 ಹಾಳೆಯನ್ನು ಎರಡು ಸಲ ಮಡಿಸಿದ ಪತ್ರ. ಒಂದು ಸಲ ಅಡ್ಡಕ್ಕೆ, ಇನ್ನೊಂದು ಸಲ ಉದ್ದಕ್ಕೆ ಮಡಿಸಿದರೆ 10.5 ಸೆಂ.ಮೀ. ಅಗಲ, 14.8 ಸೆಂ.ಮೀ. ಎತ್ತರದ ಪತ್ರವಾಗುತ್ತದೆ, ಕತ್ತರಿಯೂ ಬೇಡ, ಅಂಟೂ ಬೇಡ. ಇದರ ಮುಖಪುಟ, ಒಳಪುಟ ಎರಡೂ ಹಾಳೆಯ ಒಂದೇ ಬದಿಯಲ್ಲಿರುವುದರಿಂದ ಮಕ್ಕಳು ಸ್ಕೆಚ್ ಪೆನ್ನನ್ನು ಎಷ್ಟು ಒತ್ತಿ ಬರೆದರೂ ಹಿಂಬದಿಗೆ ಇಳಿದ ಶಾಯಿ ಮಡಿಕೆಯೊಳಗೆ ಮರೆಯಾಗಿಬಿಡುತ್ತದೆ. "ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ" ಎಂದು ದೊಡ್ಡ ಅಕ್ಷರದಲ್ಲಿ ಬರೆಯಲು ಒಳಪುಟದಲ್ಲಿ ಬೇಕಾದಷ್ಟು ಜಾಗವಿದೆ. ತೂಕವೂ ಹಗುರ: ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್ ಆಗುವುದರಿಂದ 80 ಜಿಎಸ್ಎಂ ಹಾಳೆಯೊಂದರ ತೂಕ 5 ಗ್ರಾಂ, ಅದೇ ಕಾಗದದಿಂದ ಲಕೋಟೆ ಮಾಡಿ, ಹಸುವಿನ ಮುಖ ಅಂಟಿಸಿದರೂ ಅಂಚೆಯ ಮೊದಲ ದರದ 20 ಗ್ರಾಂ ಮಿತಿಯೊಳಗೇ ಇರುತ್ತದೆ. ಅಂಚೆಗೆ ಹಾಕುವ ಪತ್ರದಲ್ಲಿ ಮಾತ್ರ ಮುಖವನ್ನು ಚಪ್ಪಟೆಯಾಗಿ ಒತ್ತಿ ಅಂಟಿಸಬೇಕು.

ಅಂಟಿನಲ್ಲಿ ಗ್ಲೂ ಸ್ಟಿಕ್ ಒಂದೇ ಸಾಕು. ಬಾಟಲಿಯ ಗೋಂದು ನೀರಾಗಿರುವುದರಿಂದ ತೆಳು ಹಾಳೆ ಉಬ್ಬಿ ಅಲೆಯಲೆಯಾಗುತ್ತದೆ, ಫೆವಿಕಾಲ್ ಮಕ್ಕಳ ಕೈಯಲ್ಲಿ ಯಾವಾಗಲೂ ಹೆಚ್ಚಾಗಿ ಬೀಳುತ್ತದೆ.

ಹಣದ ಮಾತು ಹೇಳುವುದಾದರೆ, ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಹಾಳೆ ಬಿಡಿಯಾಗಿ 2 ರೂಪಾಯಿಗೆ ಸಿಗುತ್ತದೆ. ಮುಚ್ಚಳ ಸಹಿತ ಒಂದು ಡಬ್ಬಿಗೆ ಎರಡು ಹಾಳೆ, ಪತ್ರಕ್ಕೆ ಒಂದು. ಒಂದು ಮನೆಗೆ ಕೊಡುವ ಡಬ್ಬಿ ಮತ್ತು ಪತ್ರಕ್ಕೆ 6 ರೂಪಾಯಿಯಾಗುತ್ತದೆ, ಹಸುವಿನ ಮುಖ ಉಳಿಕೆಯ ಪಟ್ಟಿಯಿಂದಲೇ ಬರುತ್ತದೆ. ಹಾಳೆ ಕೆಟ್ಟರೆ ಇನ್ನೊಂದು ತೆಗೆದುಕೋ ಎಂದು ಯಾವ ಲೆಕ್ಕವೂ ಇಲ್ಲದೆ ಹೇಳಬಹುದಾದ ಬೆಲೆ ಇದು. ಒರಿಗಾಮಿ ಪ್ಯಾಕಿನಲ್ಲಿ ಚೆನ್ನಾದ ಬಣ್ಣಗಳು ಎಣಿಸಿದಷ್ಟೇ ಇರುವುದರಿಂದ ಕೆಂಪು ಹಾಳೆ ಯಾರಿಗೆ ಎಂಬ ಜಗಳವೂ ತಪ್ಪುವುದಿಲ್ಲ.

ಹತ್ತಾರು ಮನೆಗಳಿಗೆ ಎಳ್ಳು ಬೀರುವ, ಸಣ್ಣ ಮಕ್ಕಳಿರುವ ನಮ್ಮಂಥ ಮನೆಗಳಿಗೆ ನಾನು ಹೇಳುವುದು ಜೆರಾಕ್ಸ್ ಹಾಳೆಯನ್ನೇ. ಮಗು ಒಂಬತ್ತು ಹತ್ತು ವರ್ಷ ದಾಟಿ, ಕೊಕ್ಕರೆ, ಹೂವುಗಳಂಥ ಸೂಕ್ಷ್ಮ ಮಾದರಿಗಳಲ್ಲಿ ಆಸಕ್ತಿ ತೋರಿಸಿದರೆ ಒರಿಗಾಮಿ ಪ್ಯಾಕ್ ತೆಗೆದುಕೊಡಬಹುದು, ತೆಗೆದುಕೊಡಲೂ ಬೇಕು. ಆದರೆ ಆನ್‌ಲೈನಿನಲ್ಲಿ ಅಲ್ಲ, ಪೊಟ್ಟಣ ಬಿಚ್ಚಿ ಎರಡು ಹಾಳೆ ತಿರುಗಿಸಿ ನೋಡಲು ಬಿಡುವ ಅಂಗಡಿಯಲ್ಲಿ. ನನ್ನ ಮಗಳಿಗೆ ಈ ಸಲ ಹಾಗೆಯೇ ಪರೀಕ್ಷಿಸಿ ಒಂದು ಸಣ್ಣ ಪ್ಯಾಕ್ ತಂದಿದ್ದೇನೆ, ಎಳ್ಳಿನ ಡಬ್ಬಿಗಳಿಗೆ ಹಸಿರು, ಹಳದಿ ಜೆರಾಕ್ಸ್ ಹಾಳೆಗಳು ಬೇರೆಯೇ ಬಂದಿವೆ.